ಶಿಶುಗಳ ಕೆಂಪು ಮಚ್ಚೆ: ಅದರ ಚಿಕಿತ್ಸೆಯ ಚರಿತ್ರೆ

ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ, ದೇವದುರ್ಗ ತಾಲೂಕಿನ ಮಸರಕಲ್ಲಿನಂತಹ ಊರುಗಳಲ್ಲಿ, ಕೂಸಿಗೆ ಎಣ್ಣೆ ತಿಕ್ಕಿ ನೀರೆರೆಯುವ ಮುದುಕಿಯ ಕಣ್ಣು ತಪ್ಪಿಸಿ ಉಳಿಯುವ ಗುರುತು ಆ ಎಳೆಯ ಮೈಮೇಲೆ ಯಾವುದೂ ಇರಲಾರದು. ಹುಟ್ಟಿದ ದಿನ ಏನೂ ಕಾಣದಿದ್ದ ಹಣೆಯ ಮೇಲೆ ಎರಡನೆಯ ವಾರದಲ್ಲಿ ಸೊಳ್ಳೆ ಕಚ್ಚಿದಷ್ಟು ಕೆಂಪು ಮೂಡುವುದು. ತಿಂಗಳು ತುಂಬಿ ಕೆಲವು ದಿನ ಕಳೆಯುವಷ್ಟರಲ್ಲಿ ಅದು ಮಾಗಿದ ತೊಂಡೆಹಣ್ಣಿನಂತೆ ಉಬ್ಬಿ ನಿಲ್ಲುವುದು. ಆಗ ನೋಡಬಂದ ಹೆಂಗಸರು ಗ್ರಹಣದ ಮಾತೆತ್ತುವರು. ಬಸುರಿಯಾಗಿದ್ದಾಗ ಗ್ರಹಣಕಾಲದಲ್ಲಿ ತಾಯಿಯು ತನ್ನ ಮೈಯ ಯಾವ ಭಾಗವನ್ನು ಮುಟ್ಟಿಕೊಂಡಳೋ ಕೂಸಿನ ಆ ಭಾಗದಲ್ಲಿಯೇ ಮಚ್ಚೆ ಮೂಡಿತೆಂಬ ನಂಬಿಕೆ ಕನ್ನಡ ನಾಡಿನ ಉದ್ದಗಲಕ್ಕೂ ಹಬ್ಬಿರುವುದು. ಗ್ರಹಣಕ್ಕೆ ಇದರಿಂದ ಯಾವ ಕುಂದೂ ಇಲ್ಲ. ಕುಂದೆಲ್ಲವೂ ಬಾಣಂತಿಯ ತಲೆಯ ಮೇಲೆ ಬೀಳುವುದು. ಮಚ್ಚೆ ಮುಖದ ಮೇಲಿದ್ದು ಕೂಸು ಹೆಣ್ಣಾಗಿದ್ದರಂತೂ, ಅದು ತೊಟ್ಟಿಲಿನಲ್ಲಿರುವಾಗಲೇ ಅದರ ಮದುವೆಯ ಚಿಂತೆ ಮನೆಯವರನ್ನು ಮುತ್ತುವುದುಂಟು. ಈ ಬಗೆಯ ಮಚ್ಚೆ ಗಂಡುಕೂಸುಗಳಿಗಿಂತ ಹೆಣ್ಣುಕೂಸುಗಳಲ್ಲಿಯೇ ಹೆಚ್ಚಾಗಿ ಕಾಣಬರುವುದೆಂಬುದನ್ನು ನೆನೆದರೆ ಈ ಚಿಂತೆ ಎಷ್ಟು ಮನೆಗಳದೆಂಬುದು ತಿಳಿಯುವುದು.

ಇಂತಹ ನಂಬಿಕೆ ನಮ್ಮ ದೇಶದವರದು ಮಾತ್ರವೆಂದು ತಿಳಿಯಬೇಕಾಗಿಲ್ಲ. ಫ್ರೆಂಚರ ಭಾಷೆಯಲ್ಲಿ ಹುಟ್ಟುಮಚ್ಚೆಗೆ 'ಆಂವೀ' ಎಂಬ ಹೆಸರಿದೆ. ಆ ಶಬ್ದಕ್ಕೆ ಆಸೆ, ಬಯಕೆ ಎಂದೂ ಅರ್ಥ. ಗರ್ಭಿಣಿಯು ಬಯಸಿದ ಹಣ್ಣು ಆಕೆಗೆ ದೊರೆಯದೆ ಹೋದರೆ ಅದರ ಬಣ್ಣ ಕೂಸಿನ ಮೈಯಲ್ಲಿ ಮೂಡುವುದೆಂದು ಅವರ ಹಿರಿಯರು ನಂಬಿದ್ದರು. ಬಯಕೆಯ ಊಟವಿಕ್ಕುವ ಕನ್ನಡಿಗರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷರು ಇದನ್ನು ಸ್ಟ್ರಾಬೆರಿ ಹಣ್ಣಿನ ಹೆಸರಿನಿಂದ ಕರೆದರು. ವೈದ್ಯರು ಇಟ್ಟ ಹೆಸರು ಹೆಮಾಂಜಿಯೋಮ, ಎಂದರೆ ರಕ್ತನಾಳಗಳ ಗಂಟು. ನೂರು ಶಿಶುಗಳಲ್ಲಿ ನಾಲ್ಕೈದಕ್ಕೆ ಇದು ಬರುವುದೆಂದು ಲೆಕ್ಕವಿದೆ. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಮೆಯಾದ ಕೂಸುಗಳಿಗೆ ಇನ್ನೂ ಹೆಚ್ಚು.

ಭಾರತೀಯ ವೈದ್ಯಗ್ರಂಥಗಳಲ್ಲಿ ಮಚ್ಚೆಗಳ ವಿಚಾರ ಹಳೆಯದು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳನ್ನು ಎಣಿಸುವಾಗ 'ಜತುಮಣಿ' ಎಂಬುದೊಂದನ್ನು ಹೇಳಿದೆ. ಜತುವೆಂದರೆ ಅರಗು, ಅರಗಿನ ಮಣಿಯಂತಿರುವುದು ಜತುಮಣಿ. ಅದು ಹುಟ್ಟಿನಿಂದಲೇ ಬಂದದ್ದು, ನೋವಿಲ್ಲದ್ದು, ತುಸು ಉಬ್ಬಿದ್ದು, ನುಣುಪಾದದ್ದು, ತುಸು ಕೆಂಪಾದದ್ದು ಎಂದು ಲಕ್ಷಣ ಕೊಟ್ಟಿದೆ. ಹುಟ್ಟಿದ ಮೇಲೆ ಬೆಳೆದು ಮತ್ತೆ ತಾನಾಗಿಯೇ ಕುಗ್ಗುವ ಮಾತು ಅಲ್ಲಿ ಬಂದಿಲ್ಲವಾದುದರಿಂದ ಇಂದಿನ ಹೆಮಾಂಜಿಯೋಮವೇ ಅಂದಿನ ಜತುಮಣಿ ಎಂದು ಗಂಟುಹಾಕುವುದು ಸಾಹಸವಾದೀತು. ಆದರೂ ಚಿಕಿತ್ಸಾಸ್ಥಾನದಲ್ಲಿ ಹೇಳಿದ ಉಪಾಯವನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು: ಶಸ್ತ್ರದಿಂದ ಅದನ್ನು ಕಿತ್ತು, ಕ್ಷಾರದಿಂದಲೋ ಬೆಂಕಿಯಿಂದಲೋ ಮೆಲ್ಲಮೆಲ್ಲನೆ ಸುಡಬೇಕು. ಕೊಯ್ಯುವುದು, ಸುಡುವುದು, ಈ ಎರಡು ಮಾತುಗಳನ್ನು ದಾಟಿ ಮುಂದೆ ಹೋಗಲು ಲೋಕದ ವೈದ್ಯರಿಗೆ ಎಷ್ಟು ಕಾಲ ಹಿಡಿಯಿತೆಂಬುದೇ ಈ ಚರಿತ್ರೆಯ ಸಾರ.

ಕನ್ನಡದಲ್ಲಿ ಶಿಶುವೈದ್ಯ ಕುರಿತ ಗ್ರಂಥಗಳು ಇರಲಿಲ್ಲವೆಂದಲ್ಲ. ಸುಮಾರು ೧೨೦೦ರ ಹೊತ್ತಿನ ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆ ಎಂಬುದನ್ನು ಕವಿಚರಿತೆಯನ್ನು ಓದಿದವರು ಬಲ್ಲರು. ಆದರೆ ಹಳ್ಳಿಗಳಲ್ಲಿ ಉಳಿದು ಬಂದದ್ದು ಗ್ರಂಥದ ವೈದ್ಯವಲ್ಲ, ಬರೆ ಹಾಕುವ ವೈದ್ಯ. ಕೂಸಿಗೆ ಏನೇ ಆಗಲಿ ಕಾದ ಕಬ್ಬಿಣದಿಂದಲೋ ಬಳೆಯ ಚೂರಿನಿಂದಲೋ ಹೊಟ್ಟೆಗೆ ಚುರುಕು ಮುಟ್ಟಿಸುವ ಪದ್ಧತಿ ಉತ್ತರದ ಜಿಲ್ಲೆಗಳಲ್ಲಿ ಇನ್ನೂ ನಿರ್ಮೂಲವಾಗಿಲ್ಲ. ರಕ್ತನಾಳಗಳೇ ಹೆಣೆದುಕೊಂಡ ಗಂಟಿಗೆ ಇಂತಹ ಬರೆ ಬಿದ್ದರೆ ರಕ್ತ ಸುರಿದು ಹುಣ್ಣಾಗುವುದನ್ನು ಹೇಳಬೇಕಾಗಿಲ್ಲ.

ಇದನ್ನು ಓದಿ ಪಶ್ಚಿಮದವರು ಮುಂದುವರಿದಿದ್ದರೆಂದು ಭಾವಿಸಿದರೆ ತಪ್ಪು. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ವೈದ್ಯರು ಈ ಮಚ್ಚೆಗೆ ದಾರ ಬಿಗಿದು ಕಟ್ಟಿದರು. ದಾಹಕ ದ್ರವ್ಯಗಳನ್ನು ಹಚ್ಚಿದರು. ಮಚ್ಚೆಯ ಮೇಲೆಯೇ ಸಿಡುಬಿನ ದಾಕು ಹಾಕಿ, ಅದು ಕೀತು ಕಲೆಯಾಗಲೆಂದು ಕಾದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಟ್ಟಿಗೊಳಿಸಿದ ಇಂಗಾಲಾಮ್ಲ ವಾಯುವಿನ ಹಿಮವನ್ನು ಒತ್ತಿ ಹೆಪ್ಪುಗಟ್ಟಿಸಿದರು. ಬೆಂಕಿಯ ಬದಲು ಹಿಮ ಬಂದಿತು. ಸುಡುವುದು ಮಾತ್ರ ನಿಲ್ಲಲಿಲ್ಲ.

೧೮೯೮ರಲ್ಲಿ ರೇಡಿಯಮ್ ಎಂಬ ಧಾತು ಕಂಡುಬಂದ ತರುವಾಯ ಅದರ ಕಿರಣಗಳಿಂದ ಮಚ್ಚೆಗಳನ್ನು ವಾಸಿಮಾಡುವ ಉತ್ಸಾಹ ಹುಟ್ಟಿತು. ಪ್ಯಾರಿಸಿನಲ್ಲಿ ವಿಕ್‌ಹ್ಯಾಮ್, ದೆಗ್ರೆ ಎಂಬ ವೈದ್ಯರು ಈ ಮಾರ್ಗದ ಮೊದಲಿಗರು. ಚಾಕುವಿಲ್ಲ, ರಕ್ತವಿಲ್ಲ, ಕೂಸು ಅಳುವುದೂ ಇಲ್ಲ. ಕೆಲವು ತಿಂಗಳಲ್ಲಿ ಗಂಟು ಬಾಡುವುದು. ಇದಕ್ಕಿಂತ ಸೌಮ್ಯವಾದ ಚಿಕಿತ್ಸೆ ಇನ್ನಾವುದೆಂದು ಅಂದಿನವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಸ್ವೀಡನ್ ದೇಶದಲ್ಲಿ ಇದು ಬಹು ವ್ಯಾಪಕವಾಗಿ ನಡೆಯಿತು. ಸ್ಟಾಕ್‌ಹೋಮಿನ ರೇಡಿಯಮ್ ಆಸ್ಪತ್ರೆಯೊಂದರಲ್ಲಿಯೇ ೧೯೨೦ರಿಂದ ೧೯೫೯ರ ವರೆಗೆ ೧೪,೦೦೦ಕ್ಕೂ ಮಿಕ್ಕ ಶಿಶುಗಳು ಈ ಕಿರಣಕ್ಕೆ ಒಳಗಾದರು. ಆ ದೇಶದವರ ಒಂದು ದೊಡ್ಡ ಗುಣವೆಂದರೆ ದಾಖಲೆಯನ್ನು ಕಳೆಯದಿರುವುದು. ಆ ಶಿಶುಗಳು ಬೆಳೆದು ಮುದುಕರಾಗುವ ತನಕ ಅವರ ಆರೋಗ್ಯವನ್ನು ಲೆಕ್ಕವಿಟ್ಟು ನೋಡಿದಾಗ ಥೈರಾಯ್ಡ್ ಗ್ರಂಥಿಯ ಮತ್ತು ಸ್ತನದ ಕ್ಯಾನ್ಸರು ಇತರರಿಗಿಂತ ಇವರಲ್ಲಿ ಹೆಚ್ಚಾಗಿ ಕಂಡಿತು. ೨೦೦೪ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಇನ್ನೂ ಮನಕಲಕುವಂತಹುದು. ೧೯೩೦ರಿಂದ ೧೯೫೯ರೊಳಗೆ, ಒಂದೂವರೆ ವರ್ಷ ತುಂಬುವ ಮುಂಚೆ ಕಿರಣಚಿಕಿತ್ಸೆ ಪಡೆದ ೩,೦೯೪ ಗಂಡಸರ ವಿಷಯ ಅದು. ಮೆದುಳಿಗೆ ತಗುಲಿದ ಕಿರಣದ ಪ್ರಮಾಣ ಏರಿದಂತೆಲ್ಲ ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರ ಸಂಖ್ಯೆ ಇಳಿಯುತ್ತ ಬಂದಿತ್ತು. ೧೦೦ಕ್ಕೆ ೩೨ ಇದ್ದುದು ೧೭ಕ್ಕೆ ಬಂದಿತ್ತು. ತಾನಾಗಿಯೇ ಮಾಯುತ್ತಿದ್ದ ಮಚ್ಚೆಯೊಂದಕ್ಕಾಗಿ ಆ ಮಕ್ಕಳು ತೆತ್ತ ಬೆಲೆ ಇದು.

ತಾನಾಗಿಯೇ ಮಾಯುವುದೆಂಬ ಮಾತನ್ನು ಶಾಸ್ತ್ರೀಯವಾಗಿ ಹೇಳಿದವನು ಇಂಗ್ಲೆಂಡಿನ ಲಿಸ್ಟರ್ ಎಂಬ ವೈದ್ಯ. ಕ್ರಿಮಿನಾಶಕ ಶಸ್ತ್ರವೈದ್ಯಕ್ಕೆ ಹೆಸರಾದ ಜೋಸೆಫ್ ಲಿಸ್ಟರನಲ್ಲ, ಡಬ್ಲ್ಯು. ಎ. ಲಿಸ್ಟರ್. ಈತನು ಮಚ್ಚೆಯುಳ್ಳ ಮಕ್ಕಳಿಗೆ ಏನನ್ನೂ ಮಾಡದೆ, ವರ್ಷಗಟ್ಟಲೆ ಸುಮ್ಮನೆ ನೋಡಿ ಬರೆದಿಟ್ಟುಕೊಂಡು, ೧೯೩೮ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದನು. ಮೊದಲ ತಿಂಗಳುಗಳಲ್ಲಿ ರಭಸದಿಂದ ಬೆಳೆಯುವುದು, ಬಳಿಕ ನಿಲ್ಲುವುದು, ಬಳಿಕ ವರ್ಷವರ್ಷಕ್ಕೂ ಬಿಳಿಚಿ ಕುಗ್ಗುವುದು ಎಂಬ ಮೂರು ಹಂತಗಳನ್ನು ಆತನು ತೋರಿಸಿದನು. ಏನನ್ನೂ ಮಾಡದಿರುವುದೂ ಒಂದು ಚಿಕಿತ್ಸೆಯೆಂದು ವೈದ್ಯಲೋಕವನ್ನು ಒಪ್ಪಿಸುವುದು ಸುಲಭವಲ್ಲ. ಲಿಸ್ಟರನ ಲೇಖನ ಬಂದ ಮೇಲೆಯೂ ಇಪ್ಪತ್ತು ವರ್ಷ ಸ್ಟಾಕ್‌ಹೋಮಿನಲ್ಲಿ ಕಿರಣ ನಡೆದೇ ಇತ್ತೆಂಬುದು ಇದಕ್ಕೆ ಸಾಕ್ಷಿ.

ಹೀಗಿದ್ದರೂ ಕಾಯುವ ನೀತಿ ಎಲ್ಲ ಕೂಸುಗಳಿಗೂ ಸಲ್ಲದು. ರೆಪ್ಪೆಯ ಮೇಲಿನ ಗಂಟು ಕಣ್ಣನ್ನು ಮುಚ್ಚಿದರೆ, ಗಂಟು ಮುಂದೆ ಕರಗಿದರೂ ಅಷ್ಟರಲ್ಲಿ ಆ ಕಣ್ಣು ನೋಡುವುದನ್ನು ಕಲಿಯದೆ ಮಂದವಾಗುವುದು. ಗಲ್ಲ, ದವಡೆ, ಕತ್ತುಗಳಲ್ಲಿ ಹರಡಿದ್ದರೆ ಗಂಟಲಿನ ಒಳಗೂ ಇದ್ದು ಉಸಿರನ್ನು ಕಟ್ಟಬಹುದು. ತುಟಿಯಲ್ಲಿಯೂ ತೊಡೆಸಂದಿಯಲ್ಲಿಯೂ ಇರುವುದು ಒಡೆದು ಹುಣ್ಣಾಗಿ ಕೂಸು ಹಾಲು ಕುಡಿಯದೆ, ನಿದ್ರಿಸದೆ ನರಳುವುದು. ಮೂಗಿನ ತುದಿಯಲ್ಲಿರುವುದು ಮಾಯುವಾಗ ಮೂಗಿನ ಆಕಾರವನ್ನೇ ಕೆಡಿಸಿ ಹೋಗುವುದು. ಮೈಮೇಲೆ ಐದಕ್ಕಿಂತ ಹೆಚ್ಚು ಮಚ್ಚೆಗಳಿದ್ದರೆ ಯಕೃತ್ತಿನಲ್ಲಿಯೂ ಇದೆಯೇ ಎಂದು ನೋಡಬೇಕಾಗುವುದು. ಇಂತಹ ಕೂಸುಗಳಿಗಾಗಿ ೧೯೬೭ರಿಂದ ಬಳಕೆಗೆ ಬಂದದ್ದು ಹೊಟ್ಟೆಗೆ ಕೊಡುವ ಸ್ಟೀರಾಯ್ಡ್ ಔಷಧ. ಅಮೆರಿಕದ ಜಾರೆಮ್ ಮತ್ತು ಎಡ್ಜರ್ಟನ್ ಎಂಬ ಶಸ್ತ್ರವೈದ್ಯರು ಇದನ್ನು ಮೊದಲು ಪ್ರಕಟಿಸಿದರು. ಕೊಯ್ಯದೆ ಸುಡದೆ, ಬಾಯಿಯ ಮೂಲಕ ಮಚ್ಚೆಯನ್ನು ಮುಟ್ಟಬಹುದೆಂಬುದು ಆಗ ತಿಳಿಯಿತು. ಆದರೆ ಔಷಧ ಕೆಲವರಿಗೆ ಹಿಡಿಯಿತು, ಕೆಲವರಿಗೆ ಹಿಡಿಯಲಿಲ್ಲ. ಕೂಸಿನ ಮುಖ ಊದಿತು, ಬೆಳವಣಿಗೆ ಕುಂಠಿತವಾಯಿತು, ರಕ್ತದ ಒತ್ತಡ ಏರಿತು. ೧೯೯೨ರಲ್ಲಿ ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು ಬಂದಿತು. ಅದನ್ನು ಪಡೆದ ಕೆಲವು ಶಿಶುಗಳ ಕಾಲುಗಳು ಬಿಗಿದು ನಡೆಯಲಾರದಂತಾದುದನ್ನು ಕಂಡು ವೈದ್ಯರು ಹಿಂಜರಿದರು.

ಈ ನಡುವೆ ೧೯೮೨ರಲ್ಲಿ ಬೋಸ್ಟನ್ನಿನ ಮುಲ್ಲಿಕೆನ್ ಮತ್ತು ಗ್ಲೊವಾಕಿ ಎಂಬವರು ಒಂದು ದೊಡ್ಡ ಗೊಂದಲವನ್ನು ಬಿಡಿಸಿದ್ದರು. ಅದುವರೆಗೆ ಕೆಂಪಾಗಿ ಕಂಡ ಮಚ್ಚೆಗಳೆಲ್ಲ ಒಂದೇ ಜಾತಿಯವೆಂಬ ಭಾವನೆಯಿತ್ತು. ಇವರು ಕಣಗಳನ್ನು ಪರೀಕ್ಷಿಸಿ, ಹುಟ್ಟಿದ ಮೇಲೆ ಕಣಗಳು ಹೆಚ್ಚಿ ಬೆಳೆದು ತರುವಾಯ ಕುಗ್ಗುವುದು ಒಂದು ಜಾತಿ, ಹುಟ್ಟುವಾಗಲೇ ಇದ್ದು ಬದುಕಿನುದ್ದಕ್ಕೂ ಉಳಿಯುವ ರಕ್ತನಾಳಗಳ ರಚನಾದೋಷ ಇನ್ನೊಂದು ಜಾತಿ ಎಂದು ವಿಂಗಡಿಸಿದರು. ದ್ರಾಕ್ಷಾರಸ ಚೆಲ್ಲಿದಂತೆ ಮುಖದ ಅರ್ಧದ ಮೇಲೆ ಚಪ್ಪಟೆಯಾಗಿ ಹರಡುವ ಕಲೆ ಎರಡನೆಯ ಜಾತಿಯದು. ಮುಂದೆ ಹೇಳಲಿರುವ ಮಾತ್ರೆ ಅದಕ್ಕೆ ನಾಟುವುದಿಲ್ಲ. ಅದಕ್ಕೆ ಲೇಸರ್ ಕಿರಣವೇ ಗತಿ.

ಆ ಮಾತ್ರೆಯ ಹುಟ್ಟು ಮಕ್ಕಳ ವೈದ್ಯದಲ್ಲಿ ಆದುದಲ್ಲ. ೧೯೪೮ರಲ್ಲಿ, ಎಂದರೆ ರಾಯಚೂರು ಜಿಲ್ಲೆ ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ವರ್ಷದಲ್ಲಿಯೇ, ಅಮೆರಿಕದ ಜಾರ್ಜಿಯಾ ಪ್ರಾಂತದ ಆಲ್‌ಕ್ವಿಸ್ಟ್ ಎಂಬ ಪಂಡಿತನು, ದೇಹದಲ್ಲಿ ಅಡ್ರಿನಲಿನ್ ರಸವನ್ನು ಬರಮಾಡಿಕೊಳ್ಳುವ ಬಾಗಿಲುಗಳು ಎರಡು ಬಗೆ ಎಂದು ಸೂಚಿಸಿ ಅವುಗಳಿಗೆ ಆಲ್ಫಾ, ಬೀಟಾ ಎಂದು ಹೆಸರಿಟ್ಟನು. ಹತ್ತು ವರ್ಷ ಈ ಮಾತಿಗೆ ಕಿವಿಗೊಟ್ಟವರು ವಿರಳ. ಕಿವಿಗೊಟ್ಟವನು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಈತನ ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದನು. ಎದೆನೋವಿನವರ ಹೃದಯಕ್ಕೆ ಹೆಚ್ಚು ರಕ್ತವನ್ನು ಒದಗಿಸಲು ಎಲ್ಲರೂ ಹೆಣಗುತ್ತಿದ್ದಾಗ, ಹೃದಯದ ದುಡಿತವನ್ನೇ ತಗ್ಗಿಸಿದರೆ ಇರುವ ರಕ್ತವೇ ಸಾಲದೇ ಎಂದು ಈತನು ಯೋಚಿಸಿದನು. ಗಳೆ ಹೊಡೆದು ದಣಿದ ಎತ್ತಿಗೆ ಮೇವು ಹೆಚ್ಚಿಸುವ ಬದಲು ನೊಗ ಇಳಿಸುವ ಜಾಣತನ ಇದು. ಬೀಟಾ ಬಾಗಿಲನ್ನು ಮುಚ್ಚುವ ಔಷಧವನ್ನು ಅರಸುತ್ತ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಎಂಬ ಕಂಪನಿಯನ್ನು ಸೇರಿದನು. ಮೊದಲು ದೊರೆತದ್ದು ಇಲಿಗಳಲ್ಲಿ ಗಡ್ಡೆ ಹುಟ್ಟಿಸಿದುದರಿಂದ ಅದನ್ನು ಕೈಬಿಟ್ಟು, ೧೯೬೪ರಲ್ಲಿ ಪ್ರೊಪ್ರಾನೊಲಾಲ್ ಎಂಬುದನ್ನು ಲೋಕದ ಮುಂದಿಟ್ಟನು. ಎದೆನೋವು, ರಕ್ತದೊತ್ತಡ, ಅರೆತಲೆನೋವು ಮೊದಲಾದವುಗಳಿಗೆ ಕೋಟ್ಯಂತರ ಜನರು ಅದನ್ನು ನುಂಗಿದರು. ೧೯೮೮ರಲ್ಲಿ ಬ್ಲ್ಯಾಕನಿಗೆ ನೊಬೆಲ್ ಬಹುಮಾನ ಬಂದಿತು. ಇಷ್ಟಾದರೂ ಈ ಹಳೆಯ ಮಾತ್ರೆಗೂ ಕೂಸಿನ ಮಚ್ಚೆಗೂ ಸಂಬಂಧವುಂಟೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಫ್ರಾನ್ಸಿನ ಬೋರ್ಡೋ ನಗರದ ಮಕ್ಕಳ ಆಸ್ಪತ್ರೆಯಲ್ಲಿ. ಅಲ್ಲಿ ಮಕ್ಕಳ ಚರ್ಮವೈದ್ಯೆಯಾದ ಕ್ರಿಸ್ಟೀನ್ ಲಿಯೋತೆ-ಲಾಬ್ರೆಜ್ ಎಂಬಾಕೆಯ ಬಳಿ ಮೂಗಿನ ಮೇಲೆ ಗಂಟು ಬೆಳೆದ ಒಂದು ಕೂಸಿತ್ತು. ಸ್ಟೀರಾಯ್ಡ್ ಕೊಡುತ್ತಿರುವಾಗಲೇ ಆ ಕೂಸಿನ ಹೃದಯದ ಗೋಡೆ ದಪ್ಪನಾಗಿ ರಕ್ತದ ಹರಿವಿಗೆ ಅಡ್ಡಿಯಾಯಿತು. ಹೃದಯವನ್ನು ಸಂತೈಸಲೆಂದು ಪ್ರೊಪ್ರಾನೊಲಾಲ್ ಆರಂಭಿಸಿದರು. ಮಚ್ಚೆಯ ವಿಚಾರ ಆಗ ಯಾರ ಮನಸ್ಸಿನಲ್ಲಿಯೂ ಇರಲಿಲ್ಲ. ಮರುದಿನ ನೋಡಿದರೆ ಕೆಂಡದಂತಿದ್ದ ಮಚ್ಚೆ ನೇರಳೆಯ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಮೆತ್ತಗಾಗಿತ್ತು. ಸ್ಟೀರಾಯ್ಡನ್ನು ಇಳಿಸಿದರೂ ಮಚ್ಚೆ ಮತ್ತೆ ಏಳಲಿಲ್ಲ. ಕೂಸಿಗೆ ಹದಿನಾಲ್ಕು ತಿಂಗಳಾಗುವಾಗ ಬಹುಮಟ್ಟಿಗೆ ಚಪ್ಪಟೆಯಾಗಿತ್ತು. ಎರಡನೆಯ ಕೂಸಿನದು ಇನ್ನೂ ಘೋರ. ಗಂಟು ದೊಡ್ಡದಾಗಿ ಹರಡಿ ಕಣ್ಣನ್ನು ಮುಚ್ಚಿತ್ತು; ಅಷ್ಟೊಂದು ರಕ್ತವನ್ನು ತಳ್ಳಿ ಹೃದಯ ಬಳಲಿತ್ತು. ಅದಕ್ಕೂ ಹೃದಯಕ್ಕಾಗಿಯೇ ಔಷಧ ಕೊಟ್ಟರು. ಏಳು ದಿನಗಳಲ್ಲಿ ಆ ಕೂಸು ತಾನಾಗಿ ಕಣ್ಣು ತೆರೆಯಿತು. ಬಳಿಕ ತಂದೆತಾಯಿಗಳ ಒಪ್ಪಿಗೆ ಪಡೆದು ಇನ್ನೂ ಒಂಬತ್ತು ಮಕ್ಕಳಿಗೆ ಕೊಟ್ಟರು. ಒಂಬತ್ತರಲ್ಲಿಯೂ ಒಂದು ದಿನದೊಳಗೆ ಬಣ್ಣ ತಿರುಗಿತು. ೨೦೦೮ರ ಜೂನ್ ೧೨ರಂದು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಈ ಸಂಗತಿ ಒಂದು ಚಿಕ್ಕ ಪತ್ರದ ರೂಪದಲ್ಲಿ ಹೊರಬಂದಿತು.

ಇದನ್ನು ಅದೃಷ್ಟವೆಂದು ಹೇಳಿ ಮುಗಿಸುವವರುಂಟು. ನಿಜಾಮನ ಸೀಮೆಯ ಸಿಕಂದರಾಬಾದಿನಲ್ಲಿ ೧೮೯೭ರಲ್ಲಿ ರೊನಾಲ್ಡ್ ರಾಸನು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಕ್ರಿಮಿಯನ್ನು ಕಂಡದ್ದು ಅದನ್ನೇ ಹುಡುಕಿ ಹುಡುಕಿ. ಬೋರ್ಡೋದಲ್ಲಿ ಕಂಡದ್ದು ಹುಡುಕದೆ ಇದ್ದುದು. ಆದರೆ ಹುಡುಕದೆ ಇದ್ದುದನ್ನು ಕಾಣುವುದು ಸುಲಭವೆಂದು ತಿಳಿಯಬಾರದು. ನಲವತ್ತು ವರ್ಷಗಳ ಕಾಲ ಲೋಕದ ನಾನಾ ಆಸ್ಪತ್ರೆಗಳಲ್ಲಿ ಹೃದಯದ ತೊಂದರೆಯುಳ್ಳ ಶಿಶುಗಳು ಈ ಔಷಧವನ್ನು ಪಡೆದಿದ್ದವು. ಹೃದಯಕ್ಕೆ ಔಷಧ ಕೊಟ್ಟ ಮರುದಿನ ಮೂಗಿನ ಬಣ್ಣವನ್ನು ದಿಟ್ಟಿಸಿ ನೋಡಿ, ನಿನ್ನೆಯ ಬಣ್ಣವನ್ನು ನೆನಪಿನಲ್ಲಿಟ್ಟುಕೊಂಡಿದ್ದವರು ಬೇಕಾಗಿತ್ತು.

ಹನ್ನೊಂದು ಮಕ್ಕಳ ಸಾಕ್ಷ್ಯ ಶಾಸ್ತ್ರಕ್ಕೆ ಸಾಲದು. ಐದು ತಿಂಗಳೊಳಗಿನ ೪೬೦ ಶಿಶುಗಳ ಮೇಲೆ ಹಲವು ದೇಶಗಳಲ್ಲಿ ಪರೀಕ್ಷೆ ನಡೆದು ೨೦೧೫ರಲ್ಲಿ ಅದರ ಫಲ ಪ್ರಕಟವಾಯಿತು. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ೩ ಮಿಲಿಗ್ರಾಂನಂತೆ ಆರು ತಿಂಗಳು ಔಷಧ ಪಡೆದವರಲ್ಲಿ ೧೦೦ಕ್ಕೆ ೬೦ ಮಕ್ಕಳ ಮಚ್ಚೆ ಪೂರ್ತಿಯಾಗಿ ಅಥವಾ ಬಹುಪಾಲು ಮಾಯವಾಗಿತ್ತು. ಹುಸಿ ಔಷಧ ಪಡೆದವರಲ್ಲಿ ೧೦೦ಕ್ಕೆ ೪ ಮಾತ್ರ. ಅಮೆರಿಕ ಸರಕಾರ ೨೦೧೪ರಲ್ಲಿಯೇ ಶಿಶುಗಳಿಗೆಂದು ಮಾಡಿದ ದ್ರವರೂಪದ ಔಷಧಕ್ಕೆ ಒಪ್ಪಿಗೆ ಕೊಟ್ಟಿತ್ತು. ಭಾರತದ ವೈದ್ಯರು ಆ ತುಟ್ಟಿಯ ಸೀಸೆಗಾಗಿ ಕಾಯಲಿಲ್ಲ. ದೊಡ್ಡವರ ರಕ್ತದೊತ್ತಡಕ್ಕೆಂದು ಎಲ್ಲ ಔಷಧದಂಗಡಿಗಳಲ್ಲಿ ದೊರೆಯುವ ಅಗ್ಗದ ಮಾತ್ರೆಯನ್ನೇ ಅರೆದು, ಅಳತೆಯ ನೀರಿನಲ್ಲಿ ಕದಡಿ ಕೊಡುವ ಕ್ರಮವನ್ನು ಅನುಸರಿಸಿದರು. ಚಿಕ್ಕ ಮಚ್ಚೆಗಳಿಗೆ ಇದೇ ವರ್ಗದ ಟಿಮೊಲಾಲ್ ಎಂಬ ಕಣ್ಣಿನ ಹನಿಯನ್ನು ಮೇಲೆ ಹಚ್ಚುವುದೂ ೨೦೧೦ರಿಂದೀಚೆಗೆ ರೂಢಿಗೆ ಬಂದಿದೆ.

ಈ ಔಷಧ ಹೇಗೆ ಕೆಲಸಮಾಡುವುದೆಂಬ ಚರ್ಚೆ ಮುಗಿದಿಲ್ಲ. ಮೊದಲ ದಿನದ ಬಣ್ಣದ ಬದಲಾವಣೆ ರಕ್ತನಾಳಗಳು ಕುಗ್ಗಿದುದರಿಂದ ಎಂಬುದು ಸ್ಪಷ್ಟ. ಹೊಸ ನಾಳಗಳನ್ನು ಚಿಗುರಿಸುವ ರಸ ಕಡಮೆಯಾಗಿ ಮುಂದಿನ ಬೆಳವಣಿಗೆ ನಿಲ್ಲುವುದೆಂದೂ ಹೇಳುತ್ತಾರೆ. ೨೦೧೯ರಲ್ಲಿ ಪ್ರಕಟವಾದ ಪ್ರಯೋಗಗಳು ಇನ್ನೊಂದು ವಿಚಿತ್ರವನ್ನು ಮುಂದಿಟ್ಟವು. ಪ್ರೊಪ್ರಾನೊಲಾಲ್ ಎಂಬುದು ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾದ ಎರಡು ರೂಪಗಳ ಮಿಶ್ರಣ. ಅವುಗಳಲ್ಲಿ ಹೃದಯದ ಮೇಲೆ ಹೆಚ್ಚಾಗಿ ಕೆಲಸಮಾಡದ ರೂಪವೇ ಮಚ್ಚೆಯ ಕಣಗಳ ಒಳಗಿನ ಒಂದು ನಿಯಾಮಕ ದ್ರವ್ಯವನ್ನು ತಡೆಯುವುದೆಂದು ಅವು ಸೂಚಿಸಿದವು. ಹಾಗಿದ್ದರೆ ಬ್ಲ್ಯಾಕನು ಅರಸಿದ ಗುಣವೇ ಒಂದು, ಕೂಸುಗಳಿಗೆ ಒದಗಿದ ಗುಣವೇ ಇನ್ನೊಂದು ಎಂದಾಗುವುದು. ಮಚ್ಚೆಯ ಮೂಲದ ವಿಷಯದಲ್ಲಿಯೂ ಒಂದು ಸ್ವಾರಸ್ಯವಿದೆ. ೨೦೦೦ದಲ್ಲಿ ಅಮೆರಿಕದ ಪೌಲಾ ನಾರ್ತ್ ಮತ್ತು ಸಂಗಡಿಗರು ಈ ಗಂಟಿನ ನಾಳಗಳಲ್ಲಿ, ಮೈಯ ಇತರ ಚರ್ಮದ ನಾಳಗಳಲ್ಲಿಲ್ಲದ, ಆದರೆ ಹೆರಿಗೆಯ ಮಾಸಿನ ನಾಳಗಳಲ್ಲಿರುವ ಒಂದು ಗುರುತನ್ನು ಕಂಡುಹಿಡಿದರು. ಗ್ರಹಣವೂ ಬಯಕೆಯೂ ಕಾರಣವಲ್ಲ. ಆದರೆ ಮಚ್ಚೆಯ ಬೇರನ್ನು ಬಸುರಿನಲ್ಲಿ ಹುಡುಕಿದ ಅಜ್ಜಿಯರು ದಿಕ್ಕನ್ನು ಮಾತ್ರ ಪೂರ್ತಿ ತಪ್ಪಿರಲಿಲ್ಲ.

ಅಗ್ಗದ ಮಾತ್ರೆಯೆಂದ ಮಾತ್ರಕ್ಕೆ ಮನೆಯಲ್ಲಿಯೇ ಅರೆದು ಕುಡಿಸತಕ್ಕದ್ದಲ್ಲ. ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಇದು ಇಳಿಸುವುದು. ಉಬ್ಬಸವಿರುವ ಕೂಸಿಗೆ ಉಸಿರು ಕಟ್ಟಿಸುವುದು. ಎಲ್ಲಕ್ಕಿಂತ ಮುಖ್ಯವಾದ ಅಪಾಯ ರಕ್ತದಲ್ಲಿನ ಸಕ್ಕರೆ ಇಳಿದುಹೋಗುವುದು. ಆದುದರಿಂದ ಹಾಲು ಕುಡಿಸಿದ ಮೇಲೆಯೇ ಔಷಧ; ಕೂಸು ವಾಂತಿಭೇದಿಯಿಂದ ಹಾಲು ಬಿಟ್ಟ ದಿನ ಔಷಧವಿಲ್ಲ. ಮುಖದ ಮೇಲೆ ಅಗಲವಾಗಿ ಹರಡಿದ ಮಚ್ಚೆಯಿದ್ದರೆ ಮೆದುಳಿನ ರಕ್ತನಾಳಗಳಲ್ಲಿ ದೋಷವಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಎಲ್ಲ ಮಚ್ಚೆಗೂ ಔಷಧ ಬೇಕಾಗಿಲ್ಲ. ಬೆನ್ನಿನ ಮೇಲೋ ತೋಳಿನ ಮೇಲೋ ಇರುವ ಚಿಕ್ಕದಕ್ಕೆ ಲಿಸ್ಟರನ ನೀತಿಯೇ ಇಂದಿಗೂ ಸಲ್ಲುವುದು.

ಬೇಕಾದವರಿಗೆ ಮಾತ್ರ ಕಾಲವೇ ಎಲ್ಲ. ಈ ಗಂಟು ಅತಿ ರಭಸದಿಂದ ಬೆಳೆಯುವುದು ಐದರಿಂದ ಏಳನೆಯ ವಾರದ ಆಸುಪಾಸಿನಲ್ಲಿ. ಮೂರು ತಿಂಗಳಿಗೆ ತನ್ನ ಗಾತ್ರದ ೧೦೦ಕ್ಕೆ ೮೦ ಪಾಲನ್ನು ಮುಟ್ಟಿರುವುದು. ಐದು ತಿಂಗಳ ಹೊತ್ತಿಗೆ ಬಹುಪಾಲು ಬೆಳವಣಿಗೆ ತೀರಿರುವುದು. ವರ್ಷ ತುಂಬಲಿ, ಜಾವಳ ತೆಗೆಸಿ ನೋಡೋಣವೆಂದು ಕುಳಿತರೆ ಔಷಧ ಕೆಲಸಮಾಡಬೇಕಾದ ಹೊತ್ತು ಮೀರಿರುವುದು. ಬೋರ್ಡೋದ ಪತ್ರ ಹೊರಬರುವ ಹಿಂದಿನ ವರ್ಷ, ೨೦೦೭ರಲ್ಲಿ, ರಾಯಚೂರಿನಲ್ಲಿ ಸರಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ತೆರೆಯಿತು. ಮಕ್ಕಳ ವೈದ್ಯರನ್ನು ಕಾಣಲು ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕಾದ ಕಾಲ ಅಲ್ಲಿಂದೀಚೆಗೆ ಹಿಂದೆ ಸರಿಯಿತು. ಆದರೂ ಮಸರಕಲ್ಲಿನ ಮನೆಯಿಂದ ರಾಯಚೂರಿನ ಆಸ್ಪತ್ರೆಗೆ ಕೂಸನ್ನು ಕಳಿಸಬೇಕೆಂದು ಯಾರಾದರೂ ಹೇಳಬೇಕಷ್ಟೆ. ಬಾಣಂತಿ ಮೂರು ತಿಂಗಳು ಹೊಸಲು ದಾಟದ ಮನೆಗಳಿಗೂ ಆಶಾ ಕಾರ್ಯಕರ್ತೆ ನೇಮದಂತೆ ಹೋಗುವಳು. ಆಕೆಯ ಭೇಟಿಗಳಲ್ಲಿ ಒಂದು ನಲವತ್ತೆರಡನೆಯ ದಿನಕ್ಕೆ ಗೊತ್ತಾಗಿದೆ. ಕೂಸಿನ ಮೊದಲ ಸುತ್ತಿನ ಚುಚ್ಚುಮದ್ದು ಬೀಳುವುದೂ ಆರನೆಯ ವಾರದಲ್ಲಿಯೇ. ಮಚ್ಚೆ ಬಿರುಸಾಗಿ ಏಳುವ ವಾರವೂ ಅದೇ. ಅಂದು ತೊಡೆಗೆ ಸೂಜಿ ಹಾಕುವ ದಾದಿ ಕುಲಾವಿಯನ್ನು ಸರಿಸಿ ಹಣೆ, ರೆಪ್ಪೆ, ತುಟಿಗಳ ಕಡೆಗೂ ಒಮ್ಮೆ ನೋಡಿದರೆ, ಕೂಸು ಎರಡು ತಿಂಗಳೊಳಗೆ ವೈದ್ಯರ ಮುಂದಿರುವುದು.